ನೆತ್ತಿ ಬಾಕಿ ಇರುವ ಬೇಲಿ

ಮಾರ್ಚ್ ೪

ಪ್ರಿಯ ಬಿ.ಎ.,

ನಾವು ಕ್ಷೇಮ. ನಿನ್ನ ಅಕ್ಕ ಮನೆ ಜೋಡಿಸಿ ಮುಗಿಸಿದಳು, ಈಗ ನನ್ನನ್ನು ಜೋಡಿಸುತ್ತಿದ್ದಾಳೆ. ಪಾರ್ಕಿನಲ್ಲಿ ಹೆಡ್ ಮಾಲಿ ಅಂದರೆ ಏನೋ ಅಂದುಕೊಂಡಿದ್ದೆ. ಒಂದು ಗೊಂಚಲು ಬೀಗದಕೈ, ಒಂದು ಕಾಲು ಕುಂಟುವ ಕುರ್ಚಿ, ಅಷ್ಟೇ.

ಇಲ್ಲಿ ಬೇಲಿಗಿಡದಿಂದಲೇ ಬೆಳೆಸಿದ ಒಂದು ಚಕ್ರವ್ಯೂಹ ಇದೆ. ಆಳಿಗಿಂತ ಒಂದು ಮೊಳ ಎತ್ತರದ ಹಸಿರು ಗೋಡೆಗಳು. ಮಕ್ಕಳು ಒಳಗೆ ಹೋಗಿ, ದಾರಿ ತಪ್ಪಿ, ಅಳುವುದಕ್ಕೆ ದೊಡ್ಡವರು ಟಿಕೆಟ್ ತೆಗೆಸುತ್ತಾರೆ. ಗೋಡೆಗೆ ಎರಡು ಬದಿ. ಈ ಬದಿ ನಾನು, ಆ ಬದಿ ನನ್ನ ಜೊತೆಗೆ ಹಾಕಿದವನು. ಹಿಂದೆ ಬಸ್ಸಿನಲ್ಲಿದ್ದನಂತೆ, ಎಲ್ಲರೂ ಕಂಡಕ್ಟರ್ ಅಂತಲೇ ಕರೆಯುವುದು. ಮೊನ್ನೆ ಅಭ್ಯಾಸಬಲದಿಂದ ಒಂದು ಪದ್ಯದ ಸಾಲು ಬೇಲಿಯಾಚೆ ಎಸೆದುಬಿಟ್ಟೆ, ಅಲ್ಲಿ ಜೊತೆಗೆ ಬೇಲಿ ಕತ್ತರಿಸುವಾಗ ನಿನ್ನ ಕಡೆಗೆ ಎಸೆಯುತ್ತಿದ್ದ ಹಾಗೆ. 'ಈ ಕಡೆ ಮುಳ್ಳು, ಆ ಕಡೆ ಹೂವು' ಅಂದೆ. ಆ ಕಡೆಯಿಂದ ತಕ್ಷಣ ಬಂತು: 'ಒಳಗೆ ಸರೀರಿ ಸ್ವಲ್ಪ ನೀವೂ!' ಕತ್ತರಿ ಬಿಟ್ಟು ನಕ್ಕೆ ಮಾರಾಯ. ಬೇಲಿಯ ತುದಿ ಮುಟ್ಟುವುದರೊಳಗೆ ಪ್ರಾಸ ಕೂಡಿಸದಿದ್ದರೆ ಕತ್ತರಿಸಿದ ಸೊಪ್ಪೆಲ್ಲ ಹೊರಬೇಕು ಅನ್ನೋ ನಮ್ಮಿಬ್ಬರ ಕರಾರನ್ನು ನಾನು ಅವನಿಗೆ ಹೇಳಿಯೂ ಇರಲಿಲ್ಲ.

ಈಗ ವಿಷಯ. ದೊಡ್ಡ ಕತ್ತರಿಯಲ್ಲಿ ಈ ವ್ಯೂಹ ಮುಗಿಸುವ ಹೊತ್ತಿಗೆ ಶುರುಮಾಡಿದ ಕಡೆ ಮತ್ತೆ ಕೆದರಿ ನಿಂತಿರುತ್ತೆ. ಕೈಯಲ್ಲಿ ಹಿಡಿಯುವ ಟ್ರಿಮ್ಮರ್ ಎರಡು ಕೊಡಿಸುತ್ತೇವೆ, ಯಾವುದು ಬೇಕು ಬರೆದುಕೊಡಿ ಅಂದಿದ್ದಾರೆ ಕಚೇರಿಯವರು. ಪೆಟ್ರೋಲೋ, ಬ್ಯಾಟರಿಯೋ, ಬ್ಲೇಡು ಎಷ್ಟುದ್ದವೋ, ನನಗೆ ತಲೆ ಓಡಲ್ಲ. ನಮ್ಮಿಬ್ಬರಲ್ಲಿ ಬಿ.ಎ. ಓದಿದವನು, ಅಂಗಡಿಯಲ್ಲಿರೋ ಎಲ್ಲಾ ಮಿಷನ್ನೂ ಹಿಡಿದು ನೋಡಿದವನು ನೀನು. ನೀನು ಹೇಳಿದ್ದನ್ನೇ ಬರೆದುಕೊಡುತ್ತೇನೆ. ಫೋನಿನಲ್ಲಿ ಬೇಡ. ಅರ್ಧ ಕೇಳಿಸಲ್ಲ, ಕೇಳಿಸಿದ್ದು ನೆನಪಿರಲ್ಲ.

ನಿನ್ನ ಭಾವ


ಮಾರ್ಚ್ ೧೧

ಪೂಜ್ಯ ಭಾವನವರಿಗೆ ನಮಸ್ಕಾರ.

ಕಾಗದ ತಲುಪಿತು. ಕಂಡಕ್ಟರ್ ಅವರ ವಿಷಯ ಓದಿ ಸಂತೋಷವಾಯಿತು. ಎಷ್ಟು ಸಂತೋಷವೆಂದರೆ ಆ ಭಾಗವನ್ನು ಮಡಚಿಟ್ಟು, ಬಿಚ್ಚಿ, ಮತ್ತೆ ಓದಿದೆ. ನಿಮಗೆ ಸಣ್ಣ ವಯಸ್ಸಿನಲ್ಲೇ ಒಳ್ಳೆಯ ಜೊತೆ ಸಿಗಬೇಕಿತ್ತು, ತಡವಾಯಿತು.

ಒಂದೇ ಮಾತು. 'ಹೂವು' ಎಂದಾಗ 'ನೀವೂ' ಎನ್ನುವುದು ಪ್ರಾಸ ಕೂಡಿಸಿದ್ದಲ್ಲ. ಅದು ಅವರು ಬಸ್ಸಿನ ಬಾಗಿಲಲ್ಲಿ ದಿನಾ ಕೂಗುತ್ತಿದ್ದ ಮಾತು, ಪುಣ್ಯಕ್ಕೆ ಬಂದು ನಿಮ್ಮ ಸಾಲಿನ ಪಕ್ಕ ನಿಂತಿದೆ. ನಾವು ಶಾಲೆಯ ಬೇಲಿಯಲ್ಲಿ ಕೂಡಿಸಿದ್ದನ್ನು ನೆನಪಿಸಿಕೊಳ್ಳಿ. ನೀವು 'ಎಷ್ಟು ಕತ್ತರಿಸಿದರೂ ಬರುವುದು ಚಿಗುರು' ಎಂದಿರಿ. ನಾನು 'ನಮ್ಮ ಪಾಲಿಗೆ ಮಾತ್ರ ಮಣ್ಣಿನ ಉಗುರು' ಎಂದೆ. ಅದು ಪ್ರಾಸ. ಅರ್ಥವೂ ಉಂಟು. ಅವತ್ತು ನೀವು ಸೊಪ್ಪು ಹೊತ್ತಿರಿ. ಇರಲಿ, ಹೋಲಿಸಬಾರದು.

ಕೆಲಸದ ವಿಷಯಕ್ಕೆ ಬರುತ್ತೇನೆ. ಪೆಟ್ರೋಲಿನದೇ ತೆಗೆದುಕೊಳ್ಳಿ. ವೃತ್ತಿಯವರಿಗೆ ಅದೇ ಲಕ್ಷಣ. ಹೆಬ್ಬೆರಳು ಗಾತ್ರದ ಕೊಂಬೆಯನ್ನೂ ನುಂಗುತ್ತದೆ. ಚಾರ್ಜು ಮುಗಿಯಿತು ಎಂದು ಕೈಕಟ್ಟಿ ಕೂರುವ ಪ್ರಮೇಯವಿಲ್ಲ. ವೈರಿನದಂತೂ ಬೇಡ, ಬೇಲಿಯ ಜೊತೆ ವೈರನ್ನೂ ಕತ್ತರಿಸಿಕೊಂಡವರನ್ನು ಕಂಡಿದ್ದೇನೆ. ಬ್ಲೇಡು ಉದ್ದದ್ದೇ ಇರಲಿ, ಎರಡೂವರೆ ಅಡಿ. ಎರಡೂ ಅಂಚಿಗೆ ಹಲ್ಲಿರುವುದು, ಬೀಸಿದಾಗಲೂ ಕತ್ತರಿಸಬೇಕು, ಮರಳಿದಾಗಲೂ ಕತ್ತರಿಸಬೇಕು.

ಗದ್ದಲ ತುಸು ಜಾಸ್ತಿ. ಅದು ದೋಷವಲ್ಲ. ಹರಿತವಾದ ವಸ್ತು ಕೈಯಲ್ಲಿರುವಾಗ ಮಾತಾಡುವುದು ಅಪಾಯ. ಕಿವಿಗೆ ಮುಚ್ಚಿಗೆ ಹಾಕಿಕೊಂಡೇ ಕೆಲಸ ಮಾಡಬೇಕೆಂದು ಮಿಷನ್ನಿನ ಪುಸ್ತಿಕೆಯಲ್ಲೇ ಇದೆ. ಅದು ಓಡುವಾಗ ಹತ್ತಿರ ಯಾರೂ ಇರಬಾರದೆಂದೂ ಇದೆ. ಆದ್ದರಿಂದ ಕಂಡಕ್ಟರ್ ಅವರನ್ನು ಆದಷ್ಟು ದೂರ ನಿಲ್ಲಿಸಿ. ಬೇರೊಂದು ಓಣಿಯಲ್ಲಾದರೆ ಇನ್ನೂ ಉತ್ತಮ. ಅವರ ಸುರಕ್ಷತೆಗಾಗಿ ಹೇಳುತ್ತಿದ್ದೇನೆ.

ನಾವಿಬ್ಬರು ಮಾತಾಡುತ್ತಿದ್ದೆವಲ್ಲ ಎನ್ನಬೇಡಿ. ನಾವು ಕತ್ತರಿಯವರು.

ಅಕ್ಕನಿಗೆ ಹೇಳಿ, ಕೇಳಿದೆನೆಂದು.

ಇಂತಿ,
ನಿಮ್ಮ ಬಾಮೈದ


ಏಪ್ರಿಲ್ ೨೦

ಪ್ರಿಯ ಬಿ.ಎ.,

ಮಿಷನ್ ಬಂದವು. ನೀನು ಹೇಳಿದ್ದೇ, ಅಕ್ಷರವೂ ಬದಲಾಗದೆ. ಹಗ್ಗ ಎಳೆದು ಎಬ್ಬಿಸಿದ ಕೂಡಲೇ ಪಾರ್ಕಿನ ಪಾರಿವಾಳಗಳೆಲ್ಲ ಎದ್ದು ಹೋದವು, ಇನ್ನೂ ಬಂದಿಲ್ಲ. ಶಕ್ತಿ ಇದೆ. ಭಾರವೂ ಇದೆ. ಹೆಗಲ ಮಟ್ಟಕ್ಕೆ ಎತ್ತಿ ಹಿಡಿದರೆ ಎದುರು ಮನೆಯವರ ಮಗುವನ್ನು ಎತ್ತಿಕೊಂಡು ನಿಂತ ಹಾಗೆ. ಇಳಿಸೋಣ ಅಂದರೆ ಇಸ್ಕೊಳ್ಳೋರಿಲ್ಲ.

ಪ್ರಾಸ ಪೂರ್ತಿ ನಿಂತಿದೆ. ಕಿವಿಗೆ ಮುಚ್ಚಿಗೆ, ಅದರ ಮೇಲೆ ಆ ಗರ್ಜನೆ. ಕಂಡಕ್ಟರ್ ಮಾತ್ರ ಸುಮ್ಮನಿರುವ ಪೈಕಿ ಅಲ್ಲ. ಹಳೆಯ ಸೀಟಿ ಮನೆಯಿಂದ ತಂದಿದ್ದಾನೆ. ಒಂದು ಸೀಟಿ ಊದಿದರೆ 'ನಿಲ್ಲಿಸು, ಯಾರೋ ಮಗು ಬಂತು', ಎರಡು ಊದಿದರೆ 'ರೈಟ್, ಹೋಗೋಣ'. ಮೂರು ಊದಿದರೆ ಚಹಾ. ಸೀಟಿ ಆ ಗದ್ದಲವನ್ನೂ ಸೀಳಿಕೊಂಡು ಬರುತ್ತೆ. ಈಗ ನಾನೂ ಒಂದು ಕೊಂಡುಕೊಂಡೆ.

ನೀನು ಹೇಗಿದೀಯ? ಬೇಲಿಯ ಆ ಕಡೆ ಯಾರನ್ನಾದರೂ ಹಾಕಿಕೊಂಡೆಯಾ?

ನಿನ್ನ ಭಾವ


ಏಪ್ರಿಲ್ ೨೮

ಪೂಜ್ಯ ಭಾವನವರಿಗೆ,

ಸೀಟಿಯ ವಿಷಯ ತಿಳಿಯಿತು. ಇಬ್ಬರೂ ಒಂದೊಂದು ಸೀಟಿ ಬಾಯಲ್ಲಿಟ್ಟುಕೊಂಡು ಬೇಲಿಯ ಎರಡು ಕಡೆ ನಿಂತಿರುವ ದೃಶ್ಯ ಕಣ್ಣಿಗೆ ಕಟ್ಟಿತು. ಮದುವೆಯ ಫೋಟೋದಲ್ಲೂ ನೀವು ಇಷ್ಟು ಹೊಂದಿಕೊಂಡು ನಿಂತಿದ್ದು ನೆನಪಿಲ್ಲ. ನನ್ನ ಜೊತೆ ಇದ್ದಷ್ಟು ಕಾಲ ನೀವು ಒಂದು ಸೀಟಿಯನ್ನೂ ಕೊಂಡವರಲ್ಲ. ಚೀಟಿಯಲ್ಲಿ ಆಗದ ಮಾತು ಸೀಟಿಯಲ್ಲಿ ಆಗುತ್ತಿದ್ದರೆ ಆಗಲಿ. ನೋಡಿ, ಇದೂ ಪ್ರಾಸವೇ. ಕೇಳುವವರಿಲ್ಲದೆ ಕಾಗದದಲ್ಲಿ ಹಾಕುತ್ತಿದ್ದೇನೆ.

ಆ ಕಡೆ ಯಾರನ್ನೂ ಹಾಕಿಕೊಂಡಿಲ್ಲ. ನಮ್ಮ ಹಳೆಯ ಗಿರಾಕಿಗಳೆಲ್ಲ ಹಾಗೇ ಇದ್ದಾರೆ. ದಂತವೈದ್ಯರ ಮನೆ, ಶಾಲೆ, ಗೋರಿಗಳ ತೋಟ. ದಂತವೈದ್ಯರು 'ನಿಮ್ಮ ಜೋಡಿ ಎಲ್ಲಿ?' ಎಂದು ಪ್ರತಿಸಲ ಕೇಳುತ್ತಾರೆ, ಹಲ್ಲು ಎಲ್ಲಿ ಬಿತ್ತು ಎಂದು ಕೇಳಿದ ಹಾಗೆ. ನಾನು ಈ ಬದಿ ಮುಗಿಸಿ, ಸುತ್ತುಹಾಕಿ ಹೋಗಿ, ಆ ಬದಿ ಮಾಡುತ್ತೇನೆ. ಈ ಬದಿಯಲ್ಲಿ ಒಂದು ಸಾಲು ಹೇಳಿ, ಆ ಬದಿಗೆ ಹೋಗಿ ನಾನೇ ಉತ್ತರ ಹೇಳುತ್ತೇನೆ. ಸೋತರೆ ಸೊಪ್ಪು ನಾನು ಹೊರುತ್ತೇನೆ. ಗೆದ್ದರೂ ನಾನೇ.

ಹೋದ ತಿಂಗಳು ನಾನೂ ಒಂದು ಟ್ರಿಮ್ಮರ್ ತೆಗೆದುಕೊಂಡೆ. ಉದ್ದ ಬ್ಲೇಡಿನದು, ಬ್ಯಾಟರಿಯದು. ಸದ್ದೇ ಇಲ್ಲ, ಗೋರಿಗಳ ತೋಟದಲ್ಲಿ ಯಾರಿಗೂ ಎಚ್ಚರವಾಗುವುದಿಲ್ಲ. ಬಹಳ ಚೆನ್ನಾಗಿದೆ.

ಇಂತಿ,
ನಿಮ್ಮ ಬಾಮೈದ


ಮೇ ೩೦

ಪ್ರೀತಿಯ ತಮ್ಮನಿಗೆ,

ಒಲೆ ಮೇಲೆ ಹಾಲಿಟ್ಟು ಬರೀತಿದೀನಿ. ಉಕ್ಕಿದರೆ ಅದೂ ನಿನ್ನ ಲೆಕ್ಕಕ್ಕೇ.

ನಿನ್ನ ಕಾಗದ ನಾನೂ ಓದಿದೆ. ನಿನ್ನ ಕೈಗೆ ಬ್ಯಾಟರಿ, ಅವರ ಕೈಗೆ ಪೆಟ್ರೋಲು. ಅಲ್ವೇನೋ ಕಳ್ಳ, ಚಿಕ್ಕವನಿದ್ದಾಗ ನನ್ನ ಗೆಳತಿ ಮನೆಗೆ ಬಂದರೆ ಪಕ್ಕದಲ್ಲೇ ಕೂತು ತಟ್ಟೆ ಬಡೀತಿದ್ದೆ, ನಾವಿಬ್ಬರೂ ಮಾತಾಡಬಾರದು ಅಂತ. ತಟ್ಟೆ ಹೋಗಿ ಮಿಷನ್ ಬಂತು, ಬುದ್ಧಿ ಅದೇ. ಅವರು ಆ ಕಂಡಕ್ಟರ್ ಜೊತೆ ನಗಬಾರದು, ಅಷ್ಟೇ ತಾನೆ ನಿನಗೆ?

ಬೈಯೋಕೆ ಬರೆದಿದ್ದಲ್ಲ. ಕೇಳಿದರೆ ನಗ್ತೀಯ. ಮದುವೆಯಾದಾಗಿಂದ ನಿನ್ನ ಭಾವ ಸಂಜೆ ಮನೆಗೆ ಬರ್ತಿದ್ದದ್ದು ಕೊಡವಿದ ಚೀಲದ ಹಾಗೆ. ಇರೋ ಮಾತೆಲ್ಲ ಬೇಲಿ ಹತ್ತಿರ ನಿನ್ನ ಜೊತೆ ಆಡಿ ಮುಗಿಸಿರೋರು. 'ಏನಾಯ್ತು ಇವತ್ತು?' ಅಂದರೆ 'ಏನಿಲ್ಲ'. ನೀನು ಬಂದು ಕೂತರೆ ಮಾತ್ರ ಮನೆ ಹಾರಿಹೋಗೋ ಹಾಗೆ ನಗು. ಒಡಹುಟ್ಟಿದ ತಮ್ಮನ ಮೇಲೇ ಹೊಟ್ಟೆ ಉರ್ಕೊಂಡವಳು ನಾನೊಬ್ಬಳೇ ಇರಬೇಕು. ಹೇಳೋದು ಯಾರ ಹತ್ರ? ನಿನ್ನ ಹತ್ರಾನಾ?

ಈಗ ದಿನವಿಡೀ ಆ ಗದ್ದಲದಲ್ಲಿ ಬಾಯಿ ಮುಚ್ಕೊಂಡಿದ್ದು, ಮನೆಗೆ ಬಂದು ಚಪ್ಪಲಿ ಬಿಡೋಕೆ ಮುಂಚೆ ಶುರು. ವ್ಯೂಹದೊಳಗೆ ಯಾರೋ ದಪ್ಪ ಮನುಷ್ಯ ದಾರಿ ತಪ್ಪಿ, ಹೆಂಡತಿಗೆ ಫೋನ್ ಮಾಡಿ, ಆಯಮ್ಮ ಹೊರಗಡೆ ಬೆಂಚಿನ ಮೇಲೆ ಕೂತು 'ಅಲ್ಲೇ ಇರಿ, ನಿಧಾನಕ್ಕೆ ಬನ್ನಿ, ನನಗೇನೂ ಆತುರ ಇಲ್ಲ' ಅಂದಿದ್ದು. ಅದನ್ನ ನನಗೆ ಹೇಳಿದರು ಕಣೋ, ನನಗೆ. ಮೊನ್ನೆ ಬಟ್ಟೆ ಮಡಚ್ತಿದ್ದಾಗ ಒಂದು ಸಾಲನ್ನೂ ಎಸೆದರು. ನಾನು ಪ್ರಾಸ ಕೂಡಿಸಿದೆ! ಏನು ಅಂತ ನಿನಗೆ ಹೇಳಲ್ಲ.

ಅದಕ್ಕೇ ಹೇಳೋದು, ಆ ಮಿಷನ್ ಸರಿಯಿಲ್ಲ ಅಂತ ನೀನಾಗಿ ಬಾಯಿ ಬಿಡಬೇಡ. ನಾನೂ ಬಿಡಲ್ಲ.

ಹಾಲು ಉಕ್ಕಿತು.

ನಿನ್ನ ಅಕ್ಕ


ಜೂನ್ ೬

ಅಕ್ಕಾ,

ಒಬ್ಬ ಕಂಡಕ್ಟರ್‌ನ ಬಾಯಿ ಮುಚ್ಚಿಸಲು ಹೋಗಿ ನಿನ್ನ ಬಾಯಿ ತೆರೆಸಿದೆನಲ್ಲ, ನನ್ನಂಥ ದಡ್ಡನಿಗೆ ಪದವಿ ಕೊಟ್ಟವರು ಯಾರೋ.

ನೀನು ಇಷ್ಟು ವರ್ಷ ಹೊಟ್ಟೆ ಉರ್ಕೊಂಡಿದ್ದು ನನಗೆ ತಿಳಿದಿರಲಿಲ್ಲ. ನಾನು ಬಂದಾಗಲೆಲ್ಲ ನೀನು ಅಡುಗೆಮನೆಯಲ್ಲಿ ಪಾತ್ರೆ ಜೋರಾಗಿ ಇಡುತ್ತಿದ್ದುದು ಈಗ ಅರ್ಥವಾಗುತ್ತಿದೆ. ತಟ್ಟೆ ಬಡಿಯುವುದು ನಮ್ಮ ವಂಶದಲ್ಲೇ ಇದೆ.

ಸುಖವಾಗಿರು. ನನಗೇನೂ ಅಸೂಯೆ ಇಲ್ಲ. ಪ್ರಾಸದ ಕಟ್ಟುನಿಟ್ಟು ನಿನಗೆ ಗೊತ್ತಿಲ್ಲವಾದ್ದರಿಂದ ನೀನು ಕೂಡಿಸಿದ್ದು ಸರಿಯೋ ತಪ್ಪೋ ನೋಡಬೇಕೆಂಬ ಒಂದೇ ಉದ್ದೇಶದಿಂದ ಕೇಳುತ್ತಿದ್ದೇನೆ. ಸಾಲು ಯಾವುದು? ಬರೆಯದಿದ್ದರೂ ಪರವಾಗಿಲ್ಲ. ಬರೆ.

ನಿನ್ನ ತಮ್ಮ


ಜುಲೈ ೧೫

ತಮ್ಮಾ,

ನಿನ್ನ ಭಾವನಿಗೆ ಅಂಗಿ ಗುಂಡಿ ಹಾಕ್ಕೊಳ್ಳೋಕೆ ಆಗ್ತಿಲ್ಲ. ಬೆರಳ ತುದಿ ಸುಣ್ಣದ ಹಾಗೆ ಬೆಳ್ಳಗಾಗುತ್ತೆ, ಜೋಮು ಹಿಡಿಯುತ್ತೆ. ನೆನ್ನೆ ಲೋಟ ಕೈಯಿಂದ ಜಾರಿದ್ದು, ನೆಲಕ್ಕೆ ಬಿದ್ದ ಸದ್ದಾದ ಮೇಲೆ ಅವರಿಗೆ ಗೊತ್ತಾಯ್ತು. ಡಾಕ್ಟರ್ ಹತ್ತಿರ ಎಳ್ಕೊಂಡು ಹೋದೆ. ಮಿಷನ್ನಿನ ಅದುರು ಕೈಗೆ ಹತ್ತಿದೆ, ಹೀಗೇ ಬಿಟ್ಟರೆ ಆಮೇಲೆ ಕತ್ತರಿಯನ್ನೂ ಹಿಡಿಯೋಕೆ ಆಗಲ್ಲ ಅಂದರು.

ಬದಲಾಯಿಸಿ ಅಂದರೆ ಕೇಳಲ್ಲ. 'ಬಿ.ಎ. ಆರಿಸಿದ್ದು, ಅವನು ಕೆಲಸದ ವಿಷಯದಲ್ಲಿ ತಪ್ಪು ಹೇಳಲ್ಲ' ಅಂತಾರೆ. ನೀನೇ ಬರಿ. ಇವತ್ತೇ ಬರಿ.

ನನ್ನ ಪಾಲಿಗೆ ಬಂದ ಮಾತು ಸಾಕು ಕಣೋ. ಆ ಕಂಡಕ್ಟರೇ ವಾಪಸ್ ತಗೊಂಡು ಹೋಗಲಿ.

ಅಕ್ಕ


ಜುಲೈ ೧೯

ಭಾವ,

ಆ ಮಿಷನ್ನನ್ನು ಇವತ್ತೇ ಕೆಳಗಿಡಿ. ನಾನು ಹೇಳಿದ್ದು ತಪ್ಪು. ಗೊತ್ತಿಲ್ಲದೆ ಹೇಳಿದ್ದಲ್ಲ. ಬೇಲಿ ನೋಡಿ ಹೇಳಬೇಕಿತ್ತು, ನಾನು ಬೇಲಿಯ ಆ ಬದಿ ನಿಂತವನನ್ನು ನೆನೆದು ಹೇಳಿದೆ. ನೀವು ಆ ಭಾರವನ್ನು ಹೆಗಲ ಮಟ್ಟಕ್ಕೆ ಎತ್ತಿ ನಡುಗುತ್ತಾ ನಿಂತಿದ್ದಾಗ ನಾನು ಇಲ್ಲಿ ಸದ್ದಿಲ್ಲದ್ದನ್ನು ಹಿಡಿದು ಆರಾಮಾಗಿದ್ದೆ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಈಗ ಸರಿಯಾಗಿ ಹೇಳುತ್ತೇನೆ.

ಬ್ಯಾಟರಿಯದೇ ಆಗಬೇಕು. ಬ್ಯಾಟರಿ ಮಿಷನ್ನಿಗೇ ಅಂಟಿಕೊಂಡಿರುವುದು ಬೇಡ, ಸೊಂಟದ ಪಟ್ಟಿಗೆ ಸಿಕ್ಕಿಸಿ ವೈರು ಎಳೆದುಕೊಳ್ಳುವ ಬಗೆಯದು ಬರುತ್ತದೆ. ಆಗ ಭಾರ ಕೈಗಿರುವುದಿಲ್ಲ, ಸೊಂಟಕ್ಕಿರುತ್ತದೆ. ಇನ್ನೊಂದು ಬ್ಯಾಟರಿ ಚಾರ್ಜಿಗೆ ಇಟ್ಟಿರಬೇಕು. ವ್ಯೂಹದ ಗಿಡ ವರ್ಷವರ್ಷ ಕತ್ತರಿ ಕಂಡದ್ದು, ಅದರಲ್ಲಿ ಹೆಬ್ಬೆರಳು ಗಾತ್ರದ ಕೊಂಬೆ ಎಲ್ಲಿಂದ ಬರಬೇಕು? ಪೆಟ್ರೋಲಿನ ಬಲ ನಿಮಗೆ ಬೇಕೇ ಇರಲಿಲ್ಲ. ಬ್ಲೇಡು ಚಿಕ್ಕದು, ಒಂದೂವರೆ ಅಡಿ. ಉದ್ದವಾದಷ್ಟೂ ಮುಂದಕ್ಕೆ ಜಗ್ಗಿ ಮಣಿಕಟ್ಟು ಹಿಡಿಯುತ್ತದೆ. ಹಿಂದಿನ ಹಿಡಿ ತಿರುಗುವಂತಿರಲಿ, ಗೋಡೆಯ ಹಾಗೆ ನೆಟ್ಟಗೆ ಕತ್ತರಿಸುವಾಗ ಕೈ ತಿರುಚಬೇಕಿಲ್ಲ. ಎಷ್ಟು ಅದುರುತ್ತದೆಂದು ಪುಸ್ತಿಕೆಯಲ್ಲಿ ಅಂಕಿ ಇರುತ್ತದೆ. ಎರಡು ಮೂರು ಪುಸ್ತಿಕೆ ಪಕ್ಕಪಕ್ಕ ಇಟ್ಟು ಕಡಿಮೆ ಇರುವುದನ್ನು ಆರಿಸಿ.

ಅಂಗಡಿಯಲ್ಲಿ ಮೇಜಿನ ಮೇಲಿಟ್ಟು ನೋಡಿ ಬರಬೇಡಿ. ಎತ್ತಿ ಹಿಡಿದುಕೊಂಡು ಅಂಗಡಿಯವನ ಮಕ್ಕಳು ಏನೇನು ಓದುತ್ತಿದ್ದಾರೆ ಎಂದು ಕೇಳಿ. ಅವನು ಹೇಳಿ ಮುಗಿಸುವ ಮೊದಲೇ ನಿಮ್ಮ ಕೈ ಇಳಿದರೆ ಆ ಮಿಷನ್ ಬೇಡ. ಕಚೇರಿಯವರು ಯಾಕೆ ಬದಲಾಯಿಸಬೇಕು ಎಂದರೆ ಈ ಕಾಗದವನ್ನೇ ತೋರಿಸಿ.

ಸದ್ದು ಇರುವುದಿಲ್ಲ. ಕಂಡಕ್ಟರ್ ಅವರ ಮಾತು ಪೂರ್ತಿ ಕೇಳಿಸುತ್ತದೆ. ಅದು ಮಿಷನ್ನಿನ ಗುಣವೆಂದೇ ತಿಳಿಯಿರಿ.

ಉತ್ತರ ಬರೆಯಬೇಡಿ. ಬೆರಳಿಗೆ ವಿಶ್ರಾಂತಿ ಕೊಡಿ.

ನಿಮ್ಮ ಬಾಮೈದ


ಆಗಸ್ಟ್ ೩೦

ಪ್ರಿಯ ಬಿ.ಎ.,

ಅಕ್ಷರ ವಕ್ರವಾಗಿದ್ದರೆ ಓದಿಕೋ. ಬೆರಳಿಗೆ ಬಣ್ಣ ಬಂದಿದೆ. ಎರಡು ಗುಂಡಿ ನಾನೇ ಹಾಕಿಕೊಳ್ಳುತ್ತೇನೆ, ಮಿಕ್ಕಿದ್ದು ನಿನ್ನ ಅಕ್ಕ. ಪೂರ್ತಿ ಸರಿಹೋಗುತ್ತೆ ಅಂದಿದ್ದಾರೆ, ಅವಸರ ಮಾಡದಿದ್ದರೆ.

ಹೊಸ ಮಿಷನ್ ಬಂತು. ಅಂಗಡಿಯವನಿಗೆ ಐದು ಜನ ಮಕ್ಕಳು. ನಾಲ್ಕನೆಯವಳ ಓದಿನ ತನಕ ಹಿಡಿದಿದ್ದೆ, ಆಮೇಲೆ ಅವನೇ ಇಸ್ಕೊಂಡ. ಪಾರಿವಾಳಗಳು ವಾಪಸ್ ಬಂದಿವೆ.

ನಿನ್ನ ಮೊದಲ ಕಾಗದದಲ್ಲೇ ನನಗೆ ಗೊತ್ತಾಗಿತ್ತು ಕಣೋ. 'ಬೇರೊಂದು ಓಣಿಯಲ್ಲಿ ನಿಲ್ಲಿಸಿ' ಅಂತ ಯಾವ ಪುಸ್ತಿಕೆಯಲ್ಲಿ ಬರೆದಿರುತ್ತೆ? ಗೊತ್ತಿದ್ದೂ ಅದನ್ನೇ ಬರೆದುಕೊಟ್ಟೆ. ಬೇಲಿ ಬಿಟ್ಟು ಬಂದವನು ನಾನು. ನೀನು ಬೇಡ ಅನ್ನಲಿಲ್ಲ, ಮುಖ ಸಿಂಡರಿಸಲಿಲ್ಲ, ಲಾರಿಗೆ ಸಾಮಾನು ಹತ್ತಿಸಿಕೊಟ್ಟೆ. ಕೇಳಿದ್ದು ಇದೊಂದು. ಕೊಡೋಣ ಅನ್ನಿಸಿತು. ಕೈ ಹೀಗಾಗುತ್ತೆ ಅಂತ ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅಲ್ಲಿಗೆ ಬಿಡು.

ಸದ್ದು ಹೋದ ದಿನ ಒಂದು ಸಾಲು ಎಸೆದೆ. 'ಸದ್ದು ಸತ್ತ ಮೇಲೆ ನೋಡು, ಕಿವಿಗೊಟ್ಟಿದೆ ಬೇಲಿ.' ಕಂಡಕ್ಟರ್ ಬಿಡುತ್ತಾನಾ? 'ಮುಂದೆ ನುಗ್ಗಬೇಡಿ ಸ್ವಾಮಿ, ಹಿಂದೆ ಸೀಟು ಖಾಲಿ!' ಅಂದ. ನಿನ್ನ ಕಾಗದ ಕಚೇರಿಯಲ್ಲಿ ತೋರಿಸುವಾಗ ಅವನೂ ಓದಿದ್ದಾನೆ. ಸಿಟ್ಟು ಬರುತ್ತೆ ಅಂದುಕೊಂಡರೆ, 'ಪಾಪ, ಅವರು ಇನ್ನೂ ಸ್ಟಾಪಿನಲ್ಲೇ ನಿಂತಿದಾರೆ, ಕರೀರಿ ಸಾರ್' ಅಂದ.

ನಿನ್ನ ಅಕ್ಕನ ಜೊತೆ ಮಾತು ನಿಂತಿಲ್ಲ. ಒಮ್ಮೆ ಶುರುವಾದ ಮೇಲೆ ಅವಳು ಬಿಡ್ತಾಳಾ?

ಈಗ ಒಂದು ತೊಂದರೆ. ಗೋಡೆಯ ಎರಡೂ ಬದಿ ಕನ್ನಡಿಯ ಹಾಗಾಗಿದೆ. ನೆತ್ತಿ ಮಾತ್ರ ಅಗಲ. ಈ ಬದಿಯಿಂದ ನಾನು, ಆ ಬದಿಯಿಂದ ಕಂಡಕ್ಟರ್, ಎಷ್ಟು ಚಾಚಿದರೂ ಚಿಕ್ಕ ಬ್ಲೇಡು ಮುಟ್ಟಲ್ಲ. ನಡುವೆ ಉದ್ದಕ್ಕೂ ಜುಟ್ಟು ಬಿಟ್ಟ ಹಾಗೆ ನಿಂತಿದೆ. ನೋಡಿದವರು ನಗುತ್ತಾರೆ. ಅದಕ್ಕೆ ಉದ್ದ ಬ್ಲೇಡಿನದು ಬೇಕು, ಏಣಿ ಹತ್ತುವ ಮೂರನೆಯವನೂ ಬೇಕು. ಉದ್ದ ಬ್ಲೇಡಿನ ಬ್ಯಾಟರಿ ಮಿಷನ್ ನನಗೆ ಗೊತ್ತಿರುವವರ ಪೈಕಿ ಒಬ್ಬನ ಹತ್ತಿರವೇ ಇರೋದು.

ನಿಜ ಹೇಳು. ಚಿಕ್ಕ ಬ್ಲೇಡು ಅಂತ ನೀನು ಬರೆದದ್ದು ನನ್ನ ಕೈಗೋಸ್ಕರವೋ, ಈ ನೆತ್ತಿಗೋಸ್ಕರವೋ?

ನಿನ್ನ ಭಾವ


ಸೆಪ್ಟೆಂಬರ್ ೫

ಪೂಜ್ಯ ಭಾವನವರಿಗೆ ನಮಸ್ಕಾರ.

ಕೈಗೋಸ್ಕರ. ಆಣೆಯಾಗಿ ಕೈಗೋಸ್ಕರ. ನೆತ್ತಿಯ ವಿಷಯ ಹೊಳೆದದ್ದು ಲಕೋಟೆಗೆ ಅಂಟು ಹಚ್ಚುವಾಗ. ಬಿಚ್ಚಿ ತಿದ್ದಬಹುದಿತ್ತು. ಅಂಟು ಚೆನ್ನಾಗಿ ಹಿಡಿದುಬಿಟ್ಟಿತ್ತು.

ಶನಿವಾರ ದಂತವೈದ್ಯರ ಬೇಲಿ ಮುಗಿಸಿ ಭಾನುವಾರ ಹೊರಡುತ್ತೇನೆ. ಬ್ಯಾಟರಿ ಎರಡು ತರುತ್ತೇನೆ. ಏಣಿ ನಿಮ್ಮದೇ ಇರಲಿ.

ಕಂಡಕ್ಟರ್ ಅವರ ಸಾಲು ನೋಡಿದೆ. ಪರವಾಗಿಲ್ಲ. ಬಸ್ಸು ಬಿಟ್ಟು ಅವರು ಹೊರಗೆ ಬರುವುದೇ ಇಲ್ಲವಲ್ಲ ಎಂಬುದೊಂದನ್ನು ಬಿಟ್ಟರೆ, ಪರವಾಗಿಲ್ಲ. ಎರಡು ದಿನ ಅದಕ್ಕಿಂತ ಒಳ್ಳೆಯದು ಹೊಸೆಯಲು ಕೂತಿದ್ದೆ. ನನ್ನದು ಹೀಗಿದೆ:

ಸದ್ದು ಸತ್ತ ಮೇಲೆ ನೋಡು, ಕಿವಿಗೊಟ್ಟಿದೆ ಬೇಲಿ;
ಎರಡು ಬದಿಗೂ ಆಳು ಉಂಟು, ನೆತ್ತಿಯೊಂದು ಖಾಲಿ.

ಅವರದ್ದು ಚೆನ್ನಾಗಿದೆಯೋ ನನ್ನದು ಚೆನ್ನಾಗಿದೆಯೋ ಎಂದು ಹೇಳಲು ಹೋಗಬೇಡಿ. ಅವರಿಗೆ ತೋರಿಸಲೂ ಬೇಡಿ, ನಾನೇ ಏಣಿಯ ಮೇಲಿಂದ ಹೇಳುತ್ತೇನೆ. ಅಕ್ಕ ಕೂಡಿಸಿದ ಸಾಲು ಯಾವುದೆಂದು ಬಂದ ದಿನವೇ ಗೊತ್ತಾಗಬೇಕು, ಇಲ್ಲದಿದ್ದರೆ ಮಿಷನ್ ಚೀಲದಿಂದ ಹೊರಗೆ ಬರುವುದಿಲ್ಲ.

ಸೀಟಿಯನ್ನು ನಾನು ಕೊಳ್ಳುವುದಿಲ್ಲ. ಮೂರನೆಯದೊಂದು ಅವರ ಮನೆಯಲ್ಲಿ ಸುಮ್ಮನೆ ಬಿದ್ದಿದ್ದರೆ ತರಲಿ.

ಇಂತಿ,
ಹಿಂದಿನ ಸೀಟಿನವನು